ಪಾಲಕರ ಉದ್ಯೋಗ: ಬೀಡಿ, ತಂಬಾಕು

ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ಪಾಲಕರ ಉದ್ಯೋಗ’ ಎಂಬ ಕಲಂ ಇರುತ್ತದೆ. ಒಂದು ಕಾಲಕ್ಕೆ ನಾವು ಶಿಕ್ಷಕರು ಅಲ್ಲಿ ಒಕ್ಕಲುತನದ ನಂತರ ಹೆಚ್ಚು ಬರೆದದ್ದು ‘ಬೀಡಿ’, ‘ತಂಬಾಕು ಕೆಲಸ’ ಎಂದೇ. ಊರಿನ ಇತಿಹಾಸ ಬರೆಯುವವರು ಗುಡಿಯಿಂದ ಆರಂಭಿಸುವುದು ವಾಡಿಕೆ. ನಾನು ಈ ಕಲಂನಿಂದ ಆರಂಭಿಸುತ್ತೇನೆ.

ನಿಪ್ಪಾಣಿ ಸೀಮೆ ಬೀಡಿ ತಂಬಾಕಿಗೆ ಹೆಸರಾದದ್ದು. ಬೆಳೆದ ತಂಬಾಕು ವಖಾರಕ್ಕೆ ಹೋದರೆ, ಅದನ್ನು ಬಡಿದು, ಜರಡಿ ಹಿಡಿದು, ಕಡ್ಡಿ, ಧೂಳು ಬೇರೆ ಮಾಡುವವರು ಹೆಂಗಸರು. ಮನೆಯಲ್ಲಿ ಕುಳಿತು ಬೀಡಿ ಸುತ್ತುವವರೂ ಅವರೇ. ಮೂಗಿಗೆ ಸೆರಗು ಕಟ್ಟಿದರೂ ಘಾಟು ತಪ್ಪುತ್ತಿರಲಿಲ್ಲ.

ರೈತರ ಹೋರಾಟ ಎಲ್ಲರಿಗೂ ಗೊತ್ತು. 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ತಂಬಾಕಿಗೆ ಯೋಗ್ಯ ಬೆಲೆ ಕೇಳಿ ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್ 6ರ ಗೋಲಿಬಾರಿನಲ್ಲಿ 12 ಜನ ಹುತಾತ್ಮರಾದರು. ಅದೇ ಕಾಲದಲ್ಲಿ ವಖಾರದ ಹೆಂಗಸರು ಸಂಘ ಕಟ್ಟಿದ್ದನ್ನು ನೆನೆಯುವವರು ಕಡಿಮೆ. ‘ಯುಗಾಂತರ್’ ತಂಡ ಅವರ ಬಗ್ಗೆ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಚಿತ್ರ ತೆಗೆಯಿತು. ಬೀಡಿ ಕಾರ್ಮಿಕರ ಕಾಯ್ದೆ 1966ರಲ್ಲೇ ಬಂದಿತ್ತು. ಆದರೆ ಕೇಳುವವರು ಒಗ್ಗಟ್ಟಾಗದೆ ಕಾಯ್ದೆ ಕಾಗದದಿಂದ ಇಳಿದು ಬರುವುದಿಲ್ಲವಲ್ಲ!

1976ರ ಕಲ್ಯಾಣ ನಿಧಿಯಿಂದ ಬೀಡಿ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ ಬರತೊಡಗಿತು. ಆ ಅರ್ಜಿಗಳನ್ನು ನಾನೇ ಎಷ್ಟೋ ತುಂಬಿದ್ದೇನೆ. “ಸರ್, ಅವ್ವನ ಕಾರ್ಡಿನ ಜೆರಾಕ್ಸ್ ಸಾಕೇನ್ರಿ?” ಎಂದು ಮಕ್ಕಳು ಕೇಳುತ್ತಿದ್ದರು. ಮನೆಯಲ್ಲಿ ಅವ್ವನ ಹೆಸರಿನಲ್ಲಿದ್ದ ಸರಕಾರಿ ಕಾಗದ ಬಹುಶಃ ಅದೊಂದೇ.

ಮುಂದೆ 2003ರ ತಂಬಾಕು ನಿಯಂತ್ರಣ ಕಾಯ್ದೆ ಬಂತು. 2016ರಿಂದ ಕಟ್ಟಿನ ಮೇಲೆ ಶೇ. 85 ಭಾಗ ಎಚ್ಚರಿಕೆಯ ಚಿತ್ರ, 2017ರಲ್ಲಿ ಶೇ. 28 ಜಿಎಸ್‌ಟಿ. ನಿಧಿಗೆಂದು ಬೀಡಿಯ ಮೇಲೆ ವಿಧಿಸುತ್ತಿದ್ದ ಸೆಸ್ ಕೂಡ ಅದೇ ವರ್ಷ ನಿಂತಿತು. ಹೊಲಗಳಲ್ಲಿ ಕಬ್ಬು, ಸೋಯಾ ಹೆಚ್ಚಿದವು. ಬೀಡಿ ಕಡಿಮೆಯಾದದ್ದಕ್ಕೆ ನನಗೆ ದುಃಖವಿಲ್ಲ. ಎದೆ ರೋಗದಿಂದ ಸತ್ತವರನ್ನು ಕಂಡಿದ್ದೇನೆ. ಆದರೆ ಆ ದುಡಿಮೆಯ ಜಾಗಕ್ಕೆ ಏನು ಬಂತು?

ಇದು ನಮ್ಮದೊಂದೇ ಕಥೆಯಲ್ಲ. ಭೂಗೋಳದ ಪಾಠದಲ್ಲಿ ‘ಡೆಟ್ರಾಯಿಟ್, ಮೋಟಾರು ಕಾರು’ ಎಂದು ಬಾಯಿಪಾಠ ಮಾಡಿಸುತ್ತಿದ್ದೆವು. ಅಮೆರಿಕದ ಕಾರ್ಖಾನೆಗಳಲ್ಲಿ 1979ರಲ್ಲಿ ಸುಮಾರು 1.95 ಕೋಟಿ ಜನ ದುಡಿಯುತ್ತಿದ್ದರು. 2010ರ ಹೊತ್ತಿಗೆ ಅದು ಸುಮಾರು 1.15 ಕೋಟಿಗೆ ಇಳಿಯಿತು. ಆಮೇಲೆ ಸ್ವಲ್ಪ ಏರಿತು. ಆದರೆ ಹೊಸ ಕಾರ್ಖಾನೆಯಲ್ಲಿ ಯಂತ್ರ ಹೆಚ್ಚು, ಕೈ ಕಡಿಮೆ. ಕೆಲಸ ಹೋದ ಊರಿಗೇ ಅದು ಮರಳುವುದೂ ಇಲ್ಲ.

ನಮ್ಮಲ್ಲೂ ಹಾಗೆಯೇ. ಗಡಿಯಾಚೆ ಕಾಗಲದ ಎಂಐಡಿಸಿಗೆ ನಮ್ಮ ಹುಡುಗರು ಬೈಕಿನಲ್ಲಿ ಹೋಗುತ್ತಾರೆ. ಅವರ ಅವ್ವಂದಿರಿಗೆ ಉಳಿದದ್ದು ಹೊಲದ ಕೂಲಿ.

ಹೋದ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಂತೆಯಲ್ಲಿ ಸಿಕ್ಕಳು. ಅವಳ ಅವ್ವನ ಕಾರ್ಡಿನಿಂದಲೇ ನಾನು ಅವಳ ಅರ್ಜಿ ತುಂಬಿದ್ದೆ. ಅವಳು ಕೇಳಿದ್ದು ಇಷ್ಟೇ: “ಸರ್, ಕಾಗಲ್ ಫ್ಯಾಕ್ಟರಿ ಬಸ್ಸು ಹೆಣಮಕ್ಕಳಿಗಂತ ನಮ್ಮೂರತನಕ ಬರೂ ಹಂಗ ಆಗ್ತದೇನ್ರಿ?”