ಅನಂತಗಣನೆ ಮತ್ತು ಅಧ್ಯಾತ್ಮ

ಗಣಿತದಲ್ಲಿ ಪರಮಾರ್ಥವನ್ನು ಅರಸಿದವರ ಕಥೆಯನ್ನು ಸಂಖ್ಯೆಯೇ ಸಕಲ ವಸ್ತುಗಳ ಸಾರವೆಂದ ಪೈಥಾಗೊರಸನ ಶಿಷ್ಯವರ್ಗದಿಂದ ಆರಂಭಿಸುವುದು ವಾಡಿಕೆ. ಆದರೆ ಮೂರಕ್ಕೊಂದು ಗುಣ, ಏಳಕ್ಕೊಂದು ಮಹಿಮೆ ಎಂದು ಆರೋಪಿಸುತ್ತ ಹೋಗುವ ಮಾರ್ಗ ಬಹುದೂರ ನಡೆಯಲಿಲ್ಲ. ಅಧ್ಯಾತ್ಮಕ್ಕೆ ಗಣಿತದಿಂದ ನಿಜವಾದ ಲಾಭ ದೊರೆತದ್ದು, ಅನಂತವನ್ನು ಬರಿಯ ಸ್ತೋತ್ರಕ್ಕೆ ಬಿಟ್ಟುಕೊಡದೆ ಎಣಿಕೆಯ ಕಟ್ಟುನಿಟ್ಟಿಗೆ ಒಳಪಡಿಸಿದ ಕಡೆಗಳಲ್ಲಿ ಎಂದು ನನ್ನ ನಂಬಿಕೆ.

ಆ ಸಾಹಸವನ್ನು ಕ್ರಮಬದ್ಧವಾಗಿ ಕೈಗೊಂಡವರಲ್ಲಿ ಜೈನಾಚಾರ್ಯರು ಅಗ್ರಗಣ್ಯರು. ರಾಶಿಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿದ ಅವರು, ಒಂದರಿಂದ ಮತ್ತೊಂದಕ್ಕೆ ಏರುವ ಬಗೆಯನ್ನೂ ತೋರಿಸಬೇಕೆಂದು ಬಗೆದರು. ಚಾವುಂಡರಾಯನಿಗೆ ಗುರುಸ್ಥಾನದಲ್ಲಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ 'ತ್ರಿಲೋಕಸಾರ'ದಲ್ಲಿ ಆ ಬಗೆ ವಿಸ್ತಾರವಾಗಿದೆ. ಲಕ್ಷ ಯೋಜನ ವ್ಯಾಸದ, ಸಾವಿರ ಯೋಜನ ಆಳದ ಕುಂಡವೊಂದನ್ನು ಸಾಸಿವೆಯಿಂದ ಶಿಖರಗಟ್ಟುವಂತೆ ತುಂಬಿ, ಒಂದನ್ನೊಂದು ಬಳಸಿಕೊಂಡು ಹೊರಹೊರಗೆ ಇಮ್ಮಡಿಸುತ್ತ ಹೋಗುವ ದ್ವೀಪಸಮುದ್ರಗಳಲ್ಲಿ ಒಂದೊಂದಕ್ಕೆ ಒಂದೊಂದರಂತೆ ಆ ಕಾಳುಗಳನ್ನು ಹಾಕುತ್ತ ನಡೆಯಬೇಕು. ಕಡೆಯ ಕಾಳು ಬಿದ್ದ ಎಡೆಯವರೆಗಿನ ವಿಸ್ತಾರದ ಹೊಸ ಕುಂಡವನ್ನು ಮತ್ತೆ ತುಂಬಬೇಕು. ಹೀಗೆ ಬರಿದಾದ ಸಲಕ್ಕೊಂದು ಕಾಳು ಶಲಾಕಾಕುಂಡಕ್ಕೆ, ಅದು ತುಂಬಿದ ಸಲಕ್ಕೊಂದು ಪ್ರತಿಶಲಾಕೆಗೆ, ಅದೂ ತುಂಬಿದ ಸಲಕ್ಕೊಂದು ಮಹಾಶಲಾಕೆಗೆ. ನಾಲ್ಕೂ ತುಂಬಿದಾಗ ಲಭಿಸುವ ರಾಶಿಯು ಅಸಂಖ್ಯಾತದ ತೀರ ಕೆಳಗಿನ ಮೆಟ್ಟಿಲು ಮಾತ್ರ, ಅನಂತವಿನ್ನೂ ಬಹುದೂರ. ಆ ಸೋಪಾನದ ತುತ್ತತುದಿಯಲ್ಲಿ ನಿಲ್ಲುವ ಉತ್ಕೃಷ್ಟ ಅನಂತಾನಂತವನ್ನು ಅವರು ಕೇವಲಜ್ಞಾನದ ಪ್ರಮಾಣವೆಂದರು. ಸರ್ವಜ್ಞತ್ವದ ಹಿರಿಮೆಯನ್ನು ಮನಸ್ಸಿಗೆ ನಾಟಿಸಲು ಎಷ್ಟು ವಿಶೇಷಣಗಳನ್ನು ಪೋಣಿಸಿದರೂ ಈ ಸಾಸಿವೆಯ ಎಣಿಕೆಗೆ ಸಮವಾಗಲಾರದು.

ಇದಕ್ಕೂ ಮೊದಲು, ಒಂಬತ್ತನೆಯ ಶತಮಾನದ ಆದಿಭಾಗದಲ್ಲಿ, ವೀರಸೇನಾಚಾರ್ಯನು 'ಷಟ್ಖಂಡಾಗಮ'ಕ್ಕೆ 'ಧವಲಾ' ಟೀಕೆಯನ್ನು ಬರೆದಿದ್ದನು. ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದ ಆ ಗ್ರಂಥ 1939ರಿಂದ ಮುದ್ರಣ ಕಾಣತೊಡಗಿತು. ಸಂದ ಕಾಲದ ಸಮಯಗಳೂ ಅನಂತ, ಮಿಥ್ಯಾದೃಷ್ಟಿ ಜೀವಗಳೂ ಅನಂತ, ಇವೆರಡರಲ್ಲಿ ಹಿರಿದಾವುದು? ಒಂದು ಸಮಯವನ್ನೂ ಒಂದು ಜೀವವನ್ನೂ ಜೊತೆಜೊತೆಯಾಗಿ ತೆಗೆಯುತ್ತ ಹೋದರೆ ಕಾಲರಾಶಿ ಬರಿದಾಗುವುದು, ಜೀವರಾಶಿ ಬರಿದಾಗದು ಎಂದು ವೀರಸೇನನ ಉತ್ತರ. ಆಗಮದಲ್ಲಿಟ್ಟ ಶ್ರದ್ಧೆಯಿಂದ ಬಂದ ಈ ನಿರ್ಣಯ ಸಾಧಿತ ಪ್ರಮೇಯವಲ್ಲ. ಆದರೆ ಜೋಡಿಗೊಳಿಸಿ ಅಳೆಯುವ ಉಪಾಯವಾದರೋ ನಿಜವಾದ ಗಣಿತವೇ.

ಭಾಸ್ಕರಾಚಾರ್ಯನು 1150ರಲ್ಲಿ ಮುಗಿಸಿದ 'ಸಿದ್ಧಾಂತಶಿರೋಮಣಿ'ಯ ಬೀಜಗಣಿತ ಭಾಗದಲ್ಲಿ, ಶೂನ್ಯದಿಂದ ಭಾಗಿಸಿದ ಖಹರ ರಾಶಿಗೆ ಏನನ್ನು ಕೂಡಿದರೂ ಕಳೆದರೂ ವಿಕಾರವಿಲ್ಲವೆಂದು ಹೇಳಿ, ಪ್ರಳಯದಲ್ಲಿ ಜೀವಕೋಟಿ ಒಳಸೇರಿದರೂ ಸೃಷ್ಟಿಯಲ್ಲಿ ಹೊರಹೊಮ್ಮಿದರೂ ಮಾರ್ಪಡದ ಅಚ್ಯುತನಿಗೆ ಅದನ್ನು ಹೋಲಿಸಿದನು. ಯೂರೋಪಿನಲ್ಲಿ ಕೂಸಾದ ನಿಕೊಲಾಸನು 1440ರ ತನ್ನ ಗ್ರಂಥದಲ್ಲಿ, ವೃತ್ತದೊಳಗಿನ ಬಹುಭುಜಾಕೃತಿಗೆ ಎಷ್ಟು ಬಾಹುಗಳನ್ನು ಹೆಚ್ಚಿಸಿದರೂ ಅದು ವೃತ್ತವಾಗದಂತೆ ಮಾನವಬುದ್ಧಿಯು ಸತ್ಯವನ್ನು ಸಮೀಪಿಸಬಲ್ಲುದೇ ಹೊರತು ಮುಟ್ಟಲಾರದೆಂದನು.

ಈ ಉಪಮಾನಗಳ ಯುಗವನ್ನು ಮುಗಿಸಿದವನು ಜರ್ಮನಿಯ ಹಾಲೆ ನಗರದ ಗೇಯೋರ್ಗ್ ಕ್ಯಾಂಟರ್. ಎಣಿಕೆಯ ಸಂಖ್ಯೆಗಳೊಡನೆ ಸರಳರೇಖೆಯ ಬಿಂದುಗಳನ್ನು ಒಂದಕ್ಕೊಂದರಂತೆ ಜೋಡಿಸಲು ಸಾಧ್ಯವಿಲ್ಲವೆಂದು 1874ರಲ್ಲಿ ಸಾಧಿಸಿ, ಒಂದು ಅನಂತಕ್ಕಿಂತ ಮತ್ತೊಂದು ಹಿರಿದಾಗಬಹುದೆಂಬುದನ್ನು ಆತ ಸಂಶಯಕ್ಕೆಡೆಯಿಲ್ಲದಂತೆ ಸ್ಥಾಪಿಸಿದನು. ಸೃಷ್ಟಿಯಲ್ಲಿಯೇ ಅನಂತ ನೆಲೆಸಿದ್ದರೆ ಸೃಷ್ಟಿಕರ್ತನಿಗೂ ಜಗತ್ತಿಗೂ ಭೇದವೇ ಅಳಿಯುವುದಲ್ಲವೆ ಎಂಬ ಶಂಕೆ ಕಾರ್ಡಿನಲ್ ಫ್ರಾನ್ಸೆಲಿನನಿಗೆ ಉಂಟಾಯಿತು. 1886ರ ಪತ್ರವ್ಯವಹಾರದಲ್ಲಿ ಕ್ಯಾಂಟರನು ಕೊಟ್ಟ ಸಮಾಧಾನ ಗಂಭೀರವಾದದ್ದು: ತಾನು ಅಳೆದ ಅನಂತಗಳು ಇನ್ನೂ ಬೆಳೆಯಬಲ್ಲವು, ಆದುದರಿಂದ ಸೃಷ್ಟಿಯೊಳಗಿನವು, ಬೆಳವಣಿಗೆಯೇ ಸಲ್ಲದ ಪರಿಪೂರ್ಣ ಅನಂತ ಒಂದೇ, ಅದು ದೇವರು. ಇಲ್ಲಿ ಧರ್ಮಚಿಂತನೆಯು ಗಣಿತದ ಮೇಲೆ ಹೊದಿಸಿದ ವಸ್ತ್ರವಲ್ಲ, ಗಣಿತದ ಭೇದವೇ ಧರ್ಮಚಿಂತನೆಗೆ ಖಚಿತತೆಯನ್ನು ಕೊಟ್ಟಿತು.

ಕ್ಯಾಂಟರನ ಗಣಸಿದ್ಧಾಂತವು ಮಾಸ್ಕೋ ಸೇರಿದಾಗ ಅಲ್ಲಿ ಎಗೊರೊವ್, ಲೂಜಿನ್ ಮತ್ತು, ಗಣಿತವನ್ನು ಅಭ್ಯಸಿಸಿ ಪಾದ್ರಿಯಾದ, ಫ್ಲೊರೆನ್ಸ್ಕಿ ಇವರ ಬಳಗವು, ದೇವರ ನಾಮದಲ್ಲಿ ದೇವರೇ ಇರುವನೆಂಬ ನಾಮೋಪಾಸನೆಯ ಕಡೆಗೆ ಒಲಿದಿತ್ತು. ಆ ಉಪಾಸನೆಗಾಗಿಯೇ 1913ರಲ್ಲಿ ರಷ್ಯನ್ ಸನ್ಯಾಸಿಗಳನ್ನು ಏಥೊಸ್ ಗಿರಿಯಿಂದ ಬಲವಂತವಾಗಿ ಹೊರಡಿಸಲಾಗಿತ್ತು. ನಿರ್ದೇಶಿಸಲು ಕಠಿನವಾದ ಗಣಗಳ ಮುಂದೆ ಫ್ರೆಂಚ್ ಪಂಡಿತರು ಹಿಂಜರಿದಾಗ ಈ ಬಳಗ ಮುಂದುವರಿಯಿತು. ನಾಮೋಪಾಸನೆಯೇ ಆ ಧೈರ್ಯದ ಮೂಲವೆಂದು ಕೆಲವು ಚರಿತ್ರಕಾರರ ಮತ. ಅಷ್ಟು ನೇರವಾದ ಕಾರ್ಯಕಾರಣ ಸಂಬಂಧವನ್ನು ಹೇಳುವುದು ಅತಿಶಯವಾದೀತು. ಬಂಧನಕ್ಕೊಳಗಾದ ಎಗೊರೊವ್ 1931ರಲ್ಲಿ ಕಜಾನಿನಲ್ಲಿ ತೀರಿಕೊಂಡನು. ಫ್ಲೊರೆನ್ಸ್ಕಿಯನ್ನು 1937ರಲ್ಲಿ ಗುಂಡಿಟ್ಟು ಕೊಂದರು.

ಎಣಿಕೆಯ ಅನಂತಕ್ಕೂ ರೇಖೆಯ ಅನಂತಕ್ಕೂ ನಡುವೆ ಇನ್ನೊಂದುಂಟೋ ಎಂಬ ಕ್ಯಾಂಟರನ ಪ್ರಶ್ನೆಯನ್ನು ಅಂಗೀಕೃತ ಮೂಲಸೂತ್ರಗಳಿಂದ ಬಿಡಿಸಲಾಗದೆಂದು, ಗೋಡೆಲ್ ಮೊದಲಿಟ್ಟ ಕೆಲಸವನ್ನು ಪೂರೈಸಿ, ಪಾಲ್ ಕೋಹೆನ್ 1963ರಲ್ಲಿ ತೋರಿಸಿದನು. ಆದರೂ ಉತ್ತರವೊಂದು ಇದ್ದೇ ಇದೆ, ಅದನ್ನು ತೋರುವ ಹೊಸ ಸೂತ್ರಗಳನ್ನು ನಾವು ಅರಸಬೇಕು ಎಂದು ಗೋಡೆಲ್ 1947ರಲ್ಲಿಯೇ ವಾದಿಸಿದ್ದನು; ಆ ಅನ್ವೇಷಣೆ ಈಗಲೂ ನಡೆದಿದೆ.