ಕೋವಿ ಸಂತೆಯ ಮೂಲೆ ಟೇಬಲ್

1963ರ ಮಾರ್ಚ್ ತಿಂಗಳು. ಡಲ್ಲಾಸ್‌ನ ಒಬ್ಬಾತ ಪತ್ರಿಕೆಯಲ್ಲಿ ಬಂದ ಜಾಹೀರಾತಿನ ಕೂಪನ್ ಕತ್ತರಿಸಿ, ಎ. ಹಿಡೆಲ್ ಅಂತ ಸುಳ್ಳು ಹೆಸರು ಬರೆದು, 21 ಡಾಲರ್ 45 ಸೆಂಟಿನ ಮನಿ ಆರ್ಡರ್ ಜೊತೆ ಶಿಕಾಗೋದ ಒಂದು ಅಂಗಡಿಗೆ ಕಳಿಸಿದ. ಇಟಲಿಯ ಸೈನ್ಯ ಬಳಸಿ ಬಿಟ್ಟಿದ್ದ ಕಾರ್ಕಾನೊ ರೈಫಲ್ ಒಂದು ಅಂಚೆಯಲ್ಲಿ ಬಂತು. ನಾವೀಗ ಆನ್‌ಲೈನ್‌ನಲ್ಲಿ ಚಪ್ಪಲಿ ತರಿಸಿದಷ್ಟೇ ಸಲೀಸು. ಆತನ ನಿಜವಾದ ಹೆಸರು ಲೀ ಹಾರ್ವಿ ಆಸ್ವಾಲ್ಡ್. ಆ ವರ್ಷ ನವೆಂಬರ್ 22ರಂದು ಅಧ್ಯಕ್ಷ ಕೆನಡಿಯ ಜೀವ ತೆಗೆದದ್ದು ಅದೇ ರೈಫಲ್.

ಆ ಪಾರ್ಸೆಲ್ ಅಮೆರಿಕದ ಬಂದೂಕು ಕಾನೂನು ಬದಲಾಗೋಕೆ ಕಾರಣವಾಯ್ತು ಅನ್ನೋದು ತುಂಬಾ ಜನಕ್ಕೆ ಗೊತ್ತು. ಅದು 'ಗನ್ ಶೋ' ಅನ್ನೋ ಸಂತೆಯನ್ನೂ, ಅಲ್ಲಿಗೆ ನಲವತ್ತು ಐವತ್ತು ವರ್ಷದಿಂದ ಬರ್ತಿರೋ ಹಳೇ ಸಂಗ್ರಾಹಕರ ಪಾಡನ್ನೂ ಬದಲಿಸಿತು ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಇವತ್ತು ಆ ಕಥೆ.

ಮಲೆನಾಡಿನಲ್ಲಿ ಬೆಳೆದ ನನಗೆ ಕೋವಿ ಹೊಸದಲ್ಲ. ನಮ್ಮನೇಲೂ ಒಂದು ಜೋಡುನಳಿಗೆ ಕೋವಿ ಇತ್ತು, ಗದ್ದೆಗೆ ಬರೋ ಹಂದಿ, ತೋಟಕ್ಕೆ ಬರೋ ಮಂಗ ಓಡಿಸೋಕೆ. ಎಲೆಕ್ಷನ್ ಬಂತು ಅಂದ್ರೆ ಅಪ್ಪ ಅದನ್ನ ಹೊತ್ಕೊಂಡು ಹೋಗಿ ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರಬೇಕು. ನಮ್ಮ ದೇಶದಲ್ಲಿ ಒಬ್ಬರ ಹೆಸರಲ್ಲಿ ಮೂರು ಬಂದೂಕು ಇಟ್ಕೊಳ್ಳೋಕೆ ಇದ್ದ ಅವಕಾಶವನ್ನೂ 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡೋ ಕೊಡಗಿನಲ್ಲೂ ಕೋವಿಗೆ ಅಂತ ಸಂತೆ ನಡೆಯಲ್ಲ. ಹಾಗಾಗಿ ಅಮೆರಿಕದಲ್ಲಿ ಎಕರೆಗಟ್ಟಲೆ ಜಾಗದಲ್ಲಿ ಬಂದೂಕು ಹರಡಿಕೊಂಡು ಕೂರ್ತಾರೆ ಅಂದಾಗ ನನಗೆ ಮೊದಲು ನೆನಪಾದದ್ದು ನಮ್ಮ ಕಡೆಯ ದನದ ಜಾತ್ರೆ. ಆಮೇಲೆ ಓದ್ತಾ ಹೋದ ಹಾಗೆ ಈ ಹೋಲಿಕೆ ಅಂದುಕೊಂಡದ್ದಕ್ಕಿಂತ ಸರಿಯಾಗೇ ಇದೆ ಅನ್ನಿಸ್ತು.

ಗನ್ ಶೋಗಳ ಮೂಲ ಇರೋದು ಹವ್ಯಾಸಿ ಸಂಘಗಳಲ್ಲಿ. ಒಹಾಯೋ ರಾಜ್ಯದ ಬಂದೂಕು ಸಂಗ್ರಾಹಕರ ಸಂಘ ಶುರುವಾದದ್ದು 1937ರಲ್ಲಿ. ಒಕ್ಲಹೋಮಾದ ಟಲ್ಸಾ ಊರಲ್ಲಿ ಅಂಥದ್ದೇ ಒಂದು ಸಂಘ 1955ರಲ್ಲಿ ಸಣ್ಣ ಪ್ರದರ್ಶನವೊಂದನ್ನು ಶುರು ಮಾಡಿತು. ಬರ್ತಿದ್ದವರು ಯಾರು? ರೈತರು, ಮೇಷ್ಟ್ರುಗಳು, ಮೆಕ್ಯಾನಿಕ್‌ಗಳು, ಯುದ್ಧ ಮುಗಿಸಿ ಬಂದ ಸೈನಿಕರು. ತರ್ತಿದ್ದದ್ದು ಏನು? ಅವರ ಅಂತರ್ಯುದ್ಧದ ಕಾಲದ ಮಸ್ಕೆಟ್, 1873ರ ಕೋಲ್ಟ್ ರಿವಾಲ್ವರ್, ಅದೇ ವರ್ಷದ ವಿಂಚೆಸ್ಟರ್ ರೈಫಲ್, ಜರ್ಮನಿಯಿಂದ ಸೈನಿಕರು ಚೀಲದಲ್ಲಿ ಹಾಕ್ಕೊಂಡು ಬಂದಿದ್ದ ಲೂಗರ್ ಪಿಸ್ತೂಲು. ಮಾರೋದಕ್ಕಿಂತ ಹೆಚ್ಚಾಗಿ ತೋರಿಸೋದು, ಅದಲು ಬದಲು ಮಾಡ್ಕೊಳ್ಳೋದು, ಗಂಟೆಗಟ್ಟಲೆ ಮಾತಾಡೋದು.

ದನದ ಜಾತ್ರೇಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡ್ತಾರಲ್ಲ, ಇಲ್ಲೂ ಹಾಗೇ. ಸ್ಕ್ರೂ ತಲೆಯ ಗೀರು ಕಿತ್ತುಹೋಗಿದ್ರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ. ಲೋಹದ ಮೇಲಿನ ನೀಲಿ ಹೊಳಪು ತೀರಾ ಹೊಸದಾಗಿದ್ದು ಅಕ್ಷರಗಳ ಅಂಚು ಸವೆದಿದ್ರೆ ಉಜ್ಜಿ ಮತ್ತೆ ಬಣ್ಣ ಕೊಟ್ಟಿದ್ದಾರೆ ಅಂತ ಅರ್ಥ. ಬಿಡಿಭಾಗಗಳ ಮೇಲಿನ ನಂಬರ್‌ಗಳು ಒಂದಕ್ಕೊಂದು ಹೊಂದಬೇಕು. ಹಳೇ ವಿಂಚೆಸ್ಟರ್ ಆದ್ರೆ ವಯೋಮಿಂಗ್ ರಾಜ್ಯದ ಕೋಡಿಯಲ್ಲಿರೋ ಮ್ಯೂಸಿಯಂಗೆ ಬರೆದು ಕೇಳಬಹುದು, ಕಾರ್ಖಾನೆಯ ಹಳೇ ಲೆಡ್ಜರ್‌ಗಳು ಅಲ್ಲಿವೆ. ನಾರ್ಮ್ ಫ್ಲೇಡರ್‌ಮನ್ ಅನ್ನೋ ವ್ಯಾಪಾರಿ 1977ರಲ್ಲಿ ಹಳೇ ಅಮೆರಿಕನ್ ಬಂದೂಕುಗಳಿಗೆ ಒಂದು ದಪ್ಪ ಕೈಪಿಡಿ ತಂದರು. ಆದ್ರೆ ಎಲ್ಲವೂ ಪುಸ್ತಕದಲ್ಲಿ ಬರಲ್ಲ. ಕೈಯಲ್ಲಿ ಹಿಡಿದು, ಪಕ್ಕದಲ್ಲಿ ಕೂತ ಹಿರಿಯನಿಂದ ಬೈಸಿಕೊಂಡು ಕಲಿಯೋ ವಿದ್ಯೆ ಇದು.

ಈಗ 1968ಕ್ಕೆ ಬರೋಣ. ಆ ವರ್ಷ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಇಬ್ಬರೂ ಗುಂಡಿಗೆ ಬಲಿಯಾದ ಮೇಲೆ, ವರ್ಷಗಟ್ಟಲೆ ಕೂತಿದ್ದ ಮಸೂದೆಗೆ ಜೀವ ಬಂದು ಅಕ್ಟೋಬರ್‌ನಲ್ಲಿ ಹೊಸ ಕಾನೂನಾಯ್ತು. ಅಂಚೆಯಲ್ಲಿ ಬಂದೂಕು ತರಿಸೋದು ನಿಂತಿತು. ಹೊರದೇಶದ ಹಳೇ ಸೈನ್ಯದ ಬಂದೂಕುಗಳ ಆಮದಿಗೂ ತಡೆ ಬಿತ್ತು. ಸಂಗ್ರಾಹಕರಿಗೆ ಅಂತ ಬೇರೆ ಪರವಾನಗಿ ಬಂತು. 1898 ಅಥವಾ ಅದಕ್ಕೂ ಮೊದಲು ತಯಾರಾದದ್ದು 'ಪುರಾತನ', ಅದಕ್ಕೆ ಈ ಕಾನೂನಿನ ಗೊಡವೆ ಇಲ್ಲ ಅಂತಲೂ ಆಯ್ತು. ಇನ್ನೊಂದು ಸಣ್ಣ ಷರತ್ತು: ಪರವಾನಗಿ ಇರೋ ವ್ಯಾಪಾರಿ ತನ್ನ ಅಂಗಡಿಯಲ್ಲೇ ಮಾರಬೇಕು. ಅಂದ್ರೆ ಕಾನೂನಿನ ಪ್ರಕಾರ ಗನ್ ಶೋನಲ್ಲಿ ವೃತ್ತಿಪರ ವ್ಯಾಪಾರಿಗೆ ವ್ಯಾಪಾರ ಇಲ್ಲ. ಹಳೇ ಸಂಗ್ರಾಹಕರು ಆ ಕಾಲವನ್ನು ನೆನೆಸಿಕೊಂಡು ನಿಟ್ಟುಸಿರು ಬಿಡೋದಕ್ಕೆ ಇದೂ ಒಂದು ಕಾರಣ. ಅವರು ಬೈಯೋ ಕಾನೂನೇ ಅವರ ಸಂತೆಯನ್ನು ಹದಿನೈದು ಹದಿನಾರು ವರ್ಷ ಅವರಿಗೆ ಅಂತ ಕಾದಿಟ್ಟಿತ್ತು.

1984ರಲ್ಲಿ ನಿಯಮ ಸಡಿಲಾಯ್ತು. ವ್ಯಾಪಾರಿಗಳು ತಮ್ಮ ರಾಜ್ಯದೊಳಗಿನ ಶೋಗಳಲ್ಲಿ ಮಾರಬಹುದು ಅಂತಾಯ್ತು. 1986ರ ಮೇ ತಿಂಗಳಲ್ಲಿ ರೇಗನ್ ಸಹಿ ಹಾಕಿದ ಕಾಯ್ದೆ ಅದನ್ನೇ ಗಟ್ಟಿ ಮಾಡಿತು. ಜೊತೆಗೆ, ತನ್ನ ಸಂಗ್ರಹದಿಂದ ಆಗೊಂದು ಈಗೊಂದು ಮಾರುವವನು ವ್ಯಾಪಾರಿ ಅಲ್ಲ, ಅವನಿಗೆ ಪರವಾನಗಿ ಬೇಡ ಅಂತಲೂ ಹೇಳಿತು. ನ್ಯಾಯವಾದ ಮಾತೇ. ಅಜ್ಜನ ಕಾಲದ ನಾಲ್ಕು ಬಂದೂಕು ಮಾರೋಕೆ ಮನೆ ಮುಂದೆ ಅಂಗಡಿ ಬೋರ್ಡ್ ಯಾಕೆ ಹಾಕಬೇಕು? ಆದರೆ 'ಆಗೊಂದು ಈಗೊಂದು' ಅಂದ್ರೆ ಎಷ್ಟು? ಅದಕ್ಕೆ ಲೆಕ್ಕ ಇಡಲಿಲ್ಲ. ಕೋಡ್ ಬರೆಯೋರಿಗೆ ಗೊತ್ತು, ಮಿತಿ ಹೇಳದೆ ಬಿಟ್ಟ ಜಾಗದಲ್ಲೇ ಒಂದಿನ ಎಲ್ಲ ಕೆಡೋದು.

ಅದೇ 1984ರಲ್ಲಿ ಹಳೇ ಸೈನ್ಯದ ಬಂದೂಕುಗಳ ಆಮದಿಗೆ ಮತ್ತೆ ಬಾಗಿಲು ತೆರೆಯಿತು. ಸೋವಿಯತ್ ಒಕ್ಕೂಟ ಒಡೆದ ಮೇಲಂತೂ ಪೂರ್ವ ಯೂರೋಪಿನ ಉಗ್ರಾಣಗಳಿಂದ ಮೋಸಿನ್ ನಾಗಾಂತ್ ರೈಫಲ್‌ಗಳು ಪೆಟ್ಟಿಗೆಗಟ್ಟಲೆ ಬಂದವು. ಗ್ರೀಸು ಮೆತ್ತಿಕೊಂಡ ಎರಡನೇ ಮಹಾಯುದ್ಧದ ರೈಫಲ್ 100 ಡಾಲರ್‌ಗೂ ಕಡಿಮೆಗೆ! ಕಾಲೇಜು ಹುಡುಗನೂ ಸಂಗ್ರಾಹಕ ಆಗಬಹುದಾದ ಕಾಲ. ಈಗ ಅದೇ ರೈಫಲ್‌ಗೆ ನೂರಾರು ಡಾಲರ್ ಕೇಳ್ತಾರೆ.

ಆಮೇಲೆ 1993. ಬ್ರೇಡಿ ಕಾಯ್ದೆ ಬಂತು, ಪರವಾನಗಿ ವ್ಯಾಪಾರಿಯಿಂದ ಕೊಳ್ಳೋರ ಹಿನ್ನೆಲೆ ತಪಾಸಣೆ ಕಡ್ಡಾಯವಾಯ್ತು. 1998ರ ನವೆಂಬರ್‌ನಿಂದ ಅದು ಫೋನ್ ಮಾಡಿದ ಕೂಡಲೇ ಆಗೋ ವ್ಯವಸ್ಥೆಯಾಯ್ತು. ಅದೇ ಕಾಯ್ದೆ ಪರವಾನಗಿ ಶುಲ್ಕವನ್ನೂ ಏರಿಸಿತು. ವರ್ಷಕ್ಕೆ 10 ಡಾಲರ್ ಇದ್ದದ್ದು ಮೂರು ವರ್ಷಕ್ಕೆ 200 ಡಾಲರ್ ಆಯ್ತು. ಅಡುಗೆಮನೆ ಟೇಬಲ್ ಮೇಲೆ ವ್ಯಾಪಾರ ಮಾಡ್ತಿದ್ದ ಚಿಲ್ಲರೆ ಪರವಾನಗಿದಾರರನ್ನು ಕಡಿಮೆ ಮಾಡೋದು ಉದ್ದೇಶ. ಕಡಿಮೆಯೂ ಆದರು. ಆ ದಶಕದ ಶುರುವಿನಲ್ಲಿ ಸುಮಾರು ಎರಡೂವರೆ ಲಕ್ಷ ಇದ್ದ ಪರವಾನಗಿ ವ್ಯಾಪಾರಿಗಳು ದಶಕ ಮುಗಿಯೋ ಹೊತ್ತಿಗೆ ಒಂದು ಲಕ್ಷಕ್ಕಿಂತ ಕೆಳಗಿಳಿದರು. ಆದ್ರೆ ಪರವಾನಗಿ ಬಿಟ್ಟವರೆಲ್ಲ ವ್ಯಾಪಾರ ಬಿಟ್ಟರಾ? ಕೆಲವರು ಮುಂದಿನ ವಾರ ಗನ್ ಶೋನಲ್ಲಿ ಟೇಬಲ್ ಹಿಡಿದು 'ಖಾಸಗಿ ಸಂಗ್ರಹ' ಅಂತ ಚೀಟಿ ಅಂಟಿಸಿ ಕೂತರು. ಒಂದು ಟೇಬಲ್‌ನಲ್ಲಿ ಫಾರಂ ತುಂಬಿ ತಪಾಸಣೆ, ಪಕ್ಕದ ಟೇಬಲ್‌ನಲ್ಲಿ ನಗದು ಕೊಟ್ಟು ಕೈಕುಲುಕಿದರೆ ಮುಗೀತು.

1999ರ ಜನವರಿಯಲ್ಲಿ ಬಂದ ಸರ್ಕಾರಿ ವರದಿಯ ಪ್ರಕಾರ ದೇಶದಲ್ಲಿ ವರ್ಷಕ್ಕೆ 4,000ಕ್ಕೂ ಹೆಚ್ಚು ಗನ್ ಶೋ ನಡೀತಿದ್ದವು, ಮಾರುವವರಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಜನ ಪರವಾನಗಿ ಇಲ್ಲದವರು. ಅಷ್ಟರಲ್ಲಾಗಲೇ ಸಂತೆಯ ಬಣ್ಣ ಬದಲಾಗಿತ್ತು. 1995ರಲ್ಲಿ ಒಕ್ಲಹೋಮಾ ಸಿಟಿಯ ಸರ್ಕಾರಿ ಕಟ್ಟಡಕ್ಕೆ ಬಾಂಬಿಟ್ಟು 168 ಜನರನ್ನು ಕೊಂದ ಟಿಮೊತಿ ಮೆಕ್‌ವೇ ಊರೂರಿನ ಗನ್ ಶೋ ಸುತ್ತಿ, ಜನಾಂಗ ದ್ವೇಷದ ಕಾದಂಬರಿಯೊಂದನ್ನು ಮಾರ್ತಿದ್ದವನು. ವಿಂಚೆಸ್ಟರ್ ಬಗ್ಗೆ ಮಾತಾಡೋಕೆ ಬಂದ ಮುದುಕನ ಟೇಬಲ್ ಪಕ್ಕದಲ್ಲೇ ಅಂಥ ಪುಸ್ತಕ, ನಾಜಿ ಬಾವುಟ.

1999ರ ಏಪ್ರಿಲ್ 20, ಕೊಲರಾಡೋದ ಕೊಲಂಬೈನ್ ಶಾಲೆ. ಇಬ್ಬರು ಹುಡುಗರು 12 ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ಅವರ ಕೈಲಿದ್ದ ನಾಲ್ಕು ಬಂದೂಕುಗಳಲ್ಲಿ ಮೂರನ್ನು 18 ವರ್ಷ ತುಂಬಿದ್ದ ಗೆಳತಿಯೊಬ್ಬಳು ಗನ್ ಶೋನಲ್ಲಿ, ಪರವಾನಗಿ ಇಲ್ಲದವರಿಂದ ಕೊಂಡುಕೊಟ್ಟಿದ್ದಳು. ತಪಾಸಣೆ ಇದ್ದಿದ್ರೆ ನಾನು ಕೊಳ್ತಿರಲಿಲ್ಲ ಅಂತ ಆಕೆ ಆಮೇಲೆ ರಾಜ್ಯದ ಶಾಸಕರ ಮುಂದೆ ಹೇಳಿದಳು. ಮರುವರ್ಷ ಕೊಲರಾಡೋದ ಜನ ಶೇ. 70ರಷ್ಟು ಮತ ಹಾಕಿ, ಗನ್ ಶೋನಲ್ಲಿ ಯಾರೇ ಮಾರಿದರೂ ತಪಾಸಣೆ ಆಗಲೇಬೇಕು ಅಂತ ಮಾಡಿದರು.

ಹಳೇ ಸಂಗ್ರಾಹಕರ ನೋವು ಇಲ್ಲಿಂದ ಶುರು. ನಾವೇನು ಮಾಡಿದ್ವಿ ಅನ್ನೋದು ಅವರ ಪ್ರಶ್ನೆ. ಗುಂಡೇ ಸಿಗದ ಹಳೇ ಮಸ್ಕೆಟ್ ಹಿಡಿದು ಯಾರೂ ಶಾಲೆಗೆ ನುಗ್ಗಲ್ಲ, ನಿಜ. ಆದರೆ ಆ ಹುಡುಗಿಯನ್ನ ಒಳಗೆ ಬಿಟ್ಟ ಬಾಗಿಲು ಅವರಿಗೋಸ್ಕರ ಇಟ್ಟ ಬಾಗಿಲೇ. ಕಾಗದ ಪತ್ರ ಬೇಡ, ಮಾತೇ ಸಾಕು ಅನ್ನೋ ಪದ್ಧತಿ ಇನ್ನೂರು ಜನರ ಸಂಘದಲ್ಲಿ ನಡೆಯುತ್ತೆ. ಅಲ್ಲಿ ಮಾರುವವನಿಗೆ ಕೊಳ್ಳುವವನ ಹೆಂಡತಿ ಮಕ್ಕಳ ಹೆಸರೂ ಗೊತ್ತು. ಟಲ್ಸಾದ ಅದೇ ಶೋ ಬೆಳೆದು ಬೆಳೆದು 11 ಎಕರೆ ಸೂರಿನಡಿ 4,200 ಟೇಬಲ್ ಆಗಿದೆ. ಅಲ್ಲಿ ಯಾರಿಗೆ ಯಾರು ಗೊತ್ತು? ನಮ್ಮ ಭಾಷೇಲಿ ಹೇಳೋದಾದ್ರೆ, ನಂಬಿಕೆ ಸ್ಕೇಲ್ ಆಗಲ್ಲ.

ಇನ್ನು ಇಂಟರ್‌ನೆಟ್. 1999ರಲ್ಲಿ ಇಬೇ ಬಂದೂಕು ಮಾರಾಟ ನಿಲ್ಲಿಸಿತು. ಅದೇ ವರ್ಷ ಗನ್‌ಬ್ರೋಕರ್ ಅನ್ನೋ ಹರಾಜು ತಾಣ ಹುಟ್ಟಿತು. ಅಲ್ಲಿ ಗೆದ್ದ ಬಂದೂಕು ಬೇರೆ ರಾಜ್ಯದ್ದಾದ್ರೆ ನಿಮ್ಮೂರಿನ ಪರವಾನಗಿ ವ್ಯಾಪಾರಿಯ ಕೈಗೆ ಬರುತ್ತೆ, ತಪಾಸಣೆ ಅಲ್ಲೇ. ಒಳ್ಳೇ ಸರಕೆಲ್ಲ ಆ ಕಡೆ, ದೊಡ್ಡ ಹರಾಜು ಮನೆಗಳ ಕಡೆ ಹೋಯ್ತು. ಅಟ್ಟದಲ್ಲಿ ಸಿಕ್ಕ ಅಜ್ಜನ ಕೋಲ್ಟ್‌ಗೆ ಎಷ್ಟು ಬೆಲೆ ಅಂತ ಮೊಮ್ಮಗ ಫೋನಲ್ಲೇ ನೋಡ್ತಾನೆ. ಗೊತ್ತಿಲ್ಲದವನ ಟೇಬಲ್ ಮೇಲೆ ನಿಧಿ ಸಿಗೋ ಆಸೆಯಿಂದ ಬೆಳಗಿನ ಜಾವ ಕ್ಯೂ ನಿಲ್ಲೋ ಸುಖ ಹೋಯ್ತು. ಮಾರೋ ವಿಧವೆಗೆ ಮೋಸ ಆಗೋದೂ ಕಮ್ಮಿ ಆಯ್ತು ಅನ್ನಿ.

ಆನ್‌ಸೈಟ್ ಅಂತ ಟೆಕ್ಸಾಸ್‌ನಲ್ಲಿದ್ದಾಗ ಸಹೋದ್ಯೋಗಿಯೊಬ್ಬರ ಜೊತೆ ನಾನೂ ಒಂದು ಶೋಗೆ ಹೋಗಿದ್ದೆ. ಬಾಗಿಲಲ್ಲಿ ಒಳಗೆ ತರೋ ಬಂದೂಕಿಗೆಲ್ಲ ಪ್ಲಾಸ್ಟಿಕ್ ಟೈ ಬಿಗೀತಿದ್ದರು. ಒಳಗೆ ಸಾಲು ಸಾಲು ಹೊಸ ಕಪ್ಪು ಎಆರ್-15 ರೈಫಲ್‌ಗಳು, ಗುಂಡಿನ ಡಬ್ಬಗಳು, ಒಣಮಾಂಸ, ಟೀ ಶರ್ಟು, ಚಾಕು. ಹಿಂದಿನ ಮೂಲೇಲಿ ಒಬ್ಬ ಅಜ್ಜ. ಮಖಮಲ್ ಬಟ್ಟೆ ಮೇಲೆ ಐದಾರು ಹಳೇ ರಿವಾಲ್ವರ್. ಮುಂದೆ ಯಾರೂ ಇಲ್ಲ. ನಾನು ನಿಂತಿದ್ದೇ ತಡ, ಕೈಗೆ ಒಂದು ಭೂತಗನ್ನಡಿ ಕೊಟ್ಟು ಅರ್ಧ ಗಂಟೆ ಪಾಠ ಮಾಡಿದರು. ನಾನು ಕೊಳ್ಳೋನಲ್ಲ, ಕೊಳ್ಳೋಕೆ ಆಗೋದೂ ಇಲ್ಲ ಅಂದೆ. "ಗೊತ್ತು. ಕೇಳೋರು ಸಿಕ್ಕರೆ ಸಾಕು" ಅಂದರು.

ಆ ಮಾತಿನ ಬೆಲೆ ನಮಗೂ ಗೊತ್ತಿರಬೇಕು. ಟಿಪ್ಪು ಸುಲ್ತಾನನ ಕಾರ್ಖಾನೆಗಳ ಬಂದೂಕುಗಳ ಬಗ್ಗೆ ಮುಖ್ಯವಾದ ಪುಸ್ತಕ 1992ರಲ್ಲಿ ಬಂತು. ಯಾವ ಊರಲ್ಲಿ ತಯಾರಾದದ್ದು, ಟಿಪ್ಪುವಿನ ಮೌಲೂದಿ ಲೆಕ್ಕದಲ್ಲಿ ಯಾವ ವರ್ಷದ್ದು, ಹುಲಿಪಟ್ಟೆ ಎಲ್ಲೆಲ್ಲಿ ಅನ್ನೋದನ್ನೆಲ್ಲ ಒಂದೊಂದೇ ಬಂದೂಕು ನೋಡಿ ಬರೆದವರು ಇಂಗ್ಲೆಂಡಿನ ರಾಬಿನ್ ವಿಗಿಂಗ್ಟನ್. ಅವರು ವೃತ್ತಿಯಿಂದ ಪ್ರೊಫೆಸರ್ ಅಲ್ಲ, ಹಳೇ ಆಯುಧಗಳ ವ್ಯಾಪಾರಿ, ಸಂಗ್ರಾಹಕ. ಶ್ರೀರಂಗಪಟ್ಟಣದ ಕಮ್ಮಾರರ ಕೈಕೆಲಸದ ಎಷ್ಟೋ ವಿವರ ನಮಗೆ ಸಿಕ್ಕಿದ್ದು ಇಂಥ ಒಬ್ಬ ಹವ್ಯಾಸಿಯ ಹುಚ್ಚಿನಿಂದ. ಗಾಜಿನ ಹಿಂದೆ ಇಟ್ಟದ್ದನ್ನು ನೋಡಬಹುದು ಅಷ್ಟೆ, ಬಿಚ್ಚಿ ಒಳಗೆ ಏನಿದೆ ಅಂತ ನೋಡೋಕೆ ಆಗಲ್ಲ.

ಕಾನೂನಿನ ಹಗ್ಗಜಗ್ಗಾಟ ಇನ್ನೂ ಮುಗಿದಿಲ್ಲ. 2022ರಲ್ಲಿ ಸಂಸತ್ತು 'ವ್ಯಾಪಾರಿ' ಅನ್ನೋ ಪದದ ಅರ್ಥವನ್ನು ಹಿಗ್ಗಿಸಿತು. 2024ರಲ್ಲಿ ಅದಕ್ಕೆ ವಿವರವಾದ ನಿಯಮ ಬಂತು, ಕೂಡಲೇ ಕೋರ್ಟ್ ಮೆಟ್ಟಿಲೂ ಏರಿತು. ಕ್ಯಾಲಿಫೋರ್ನಿಯಾ 2023ರಿಂದ ರಾಜ್ಯ ಸರ್ಕಾರದ ಜಾಗದಲ್ಲಿ ಬಂದೂಕು ಮಾರೋದನ್ನೇ ನಿಲ್ಲಿಸಿದೆ. ಇದರಿಂದ ಪ್ರಾಣ ಉಳಿಯೋದಾದ್ರೆ ಮೂಲೆ ಟೇಬಲ್‌ನ ಅಜ್ಜ ಒಂದು ಫಾರಂ ತುಂಬಿಸೋದು ದೊಡ್ಡ ಕಷ್ಟ ಅಂತ ನನಗಂತೂ ಅನ್ನಿಸಲ್ಲ. ದನದ ಜಾತ್ರೇಲಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟೋರೂ ಕೊನೆಗೆ ಚೀಟಿ ಬರೆಸ್ತಾರೆ.

ಒಹಾಯೋದ ಆ 1937ರ ಸಂಘ ಈಗಲೂ ಇದೆ. ಟಿಕೆಟ್ ತಗೊಂಡ ಯಾರನ್ನಾದರೂ ಬಿಡೋ ಶೋ ಅಲ್ಲ ಅದು, ಸದಸ್ಯರಿಗಾಗಿ ನಡೆಯೋದು. ಎಷ್ಟು ದೊಡ್ಡದಾದರೂ ಒಳಗೆ ಬರೋರು ಯಾರು ಅಂತ ಬಾಗಿಲಲ್ಲಿ ಗೊತ್ತಿರಲಿ ಅನ್ನೋ ಹಠವನ್ನು ಅವರು ಬಿಟ್ಟಿಲ್ಲ. ಟಲ್ಸಾದ ಶೋ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ನವೆಂಬರ್‌ನಲ್ಲಿ ನಡೀತಾ ಇದೆ. ನೀವು ಯಾವತ್ತಾದ್ರೂ ಆ ಕಡೆ ಪ್ರಾಜೆಕ್ಟ್ ಮೇಲೆ ಹೋದ್ರೆ, ಕುತೂಹಲಕ್ಕೆ ಒಳಗೆ ಕಾಲಿಟ್ರೆ, ಮುಂದಿನ ಸಾಲುಗಳನ್ನ ಬೇಗ ದಾಟಿ ಹಿಂದಿನ ಮೂಲೆಗೆ ಹೋಗಿ. ಕೊಳ್ಳಬೇಕಾಗಿಲ್ಲ. ಒಂದು ಪ್ರಶ್ನೆ ಕೇಳಿ ಸಾಕು.