ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ?

ಹಾಲಿನವನ ಲೆಕ್ಕ ನಮ್ಮಲ್ಲಿ ಅನೇಕರ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಇರುತ್ತದೆ. ಯಾವ ದಿನ ಅರ್ಧ ಲೀಟರ್ ಹೆಚ್ಚು ತೆಗೆದುಕೊಂಡೆವು, ಯಾವ ದಿನ ಬೇಡ ಎಂದೆವು ಎಂದು ಗುರುತು ಹಾಕಿ, ತಿಂಗಳ ಕೊನೆಗೆ ತಾಳೆ ನೋಡುತ್ತೇವೆ. 10 ರೂಪಾಯಿ ವ್ಯತ್ಯಾಸ ಬಂದರೂ ಕೇಳುತ್ತೇವೆ. ಅದೇ ಬ್ಯಾಂಕ್ ಖಾತೆಯಿಂದ 100-200 ರೂಪಾಯಿ ಹೋದರೆ "ಏನೋ ಚಾರ್ಜ್ ಇರಬೇಕು" ಎಂದು ಸುಮ್ಮನಾಗುತ್ತೇವೆ. ಹಾಲಿನ ಲೆಕ್ಕ ನಾವೇ ಬರೆದದ್ದು, ಬ್ಯಾಂಕಿನ ಲೆಕ್ಕ ಅವರು ಬರೆದದ್ದು ಎಂಬುದೇ ಇದಕ್ಕೆ ಕಾರಣವಿರಬಹುದು.

ನಾನು ವೃತ್ತಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ದಿನವೂ ಡೇಟಾಬೇಸ್‌ಗಳ ಜೊತೆ ಕೆಲಸ ಮಾಡುವವಳಿಗೆ, ದಾಖಲೆ ಯಾರ ಬಳಿ ಇದೆ ಎನ್ನುವುದು ಎಷ್ಟು ದೊಡ್ಡ ಪ್ರಶ್ನೆ ಎಂದು ಗೊತ್ತು. ಈ ಪ್ರಶ್ನೆಗೆ ನಮ್ಮ ಸುತ್ತಲೇ ಒಂದು ಚರಿತ್ರೆ ಇದೆ. ಅದರ ಒಂದು ಮುಖ್ಯ ಘಟನೆ ನಡೆದದ್ದು ನಾನು ಈಗ ವಾಸಿಸುತ್ತಿರುವ ಪುಣೆಯ ಜಿಲ್ಲೆಯಲ್ಲೇ.

ಕಡತ ಮತ್ತು ಸುಪೆಯ ಬೆಂಕಿ

ಇಂದು ಸರ್ಕಾರಿ ಫೈಲಿಗೆ ನಾವು ಕಡತ ಎನ್ನುತ್ತೇವೆ. ಹಿಂದೆ ಕಡತವೆಂದರೆ ಬಟ್ಟೆಯ ಪುಸ್ತಕ. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. 1810ರಲ್ಲಿ ಮೊದಲ ಸಂಪುಟ ಪ್ರಕಟವಾದ ಮಾರ್ಕ್ ವಿಲ್ಕ್ಸ್‌ನ ಮೈಸೂರು ಚರಿತ್ರೆಯಲ್ಲಿ ಇದರ ವರ್ಣನೆ ಇದೆ. ಅಂಗಡಿಯವರೂ ವರ್ತಕರೂ ಲೆಕ್ಕ ಇಡುತ್ತಿದ್ದುದು ಇದರಲ್ಲೇ. ಕಡತ ಇರುತ್ತಿದ್ದುದು ವರ್ತಕನ ಬಳಿ. ಅಕ್ಷರ ಬಾರದ ಸಾಲಗಾರನಿಗೆ ತನ್ನ ನೆನಪೇ ದಾಖಲೆ.

ಇದರ ಪರಿಣಾಮ ಎಲ್ಲಿಗೆ ಮುಟ್ಟಬಹುದೆಂದು ಕಂಡದ್ದು 1875ರ ಮೇ 12ರಂದು, ಪುಣೆ ಜಿಲ್ಲೆಯ ಸುಪೆ ಎಂಬ ಊರಿನ ಸಂತೆಯ ದಿನ. ಸಾಲದಲ್ಲಿ ಮುಳುಗಿದ್ದ ರೈತರು ಸಾಹುಕಾರರ ಮನೆ, ಅಂಗಡಿಗಳಿಗೆ ನುಗ್ಗಿದರು. ಅವರಿಗೆ ಬೇಕಿದ್ದದ್ದು ಮುಖ್ಯವಾಗಿ ಸಾಲಪತ್ರಗಳು ಮತ್ತು ಲೆಕ್ಕದ ಪುಸ್ತಕಗಳು. ಸಿಕ್ಕವನ್ನು ಸುಟ್ಟರು. ಗಲಭೆ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ಹಲವು ಹಳ್ಳಿಗಳಿಗೆ ಹರಡಿತು. ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. 1879ರಲ್ಲಿ ಡೆಕ್ಕನ್ ರೈತರ ಪರಿಹಾರ ಕಾಯ್ದೆ ಬಂತು.

ಆ ಕಾಯ್ದೆಯಲ್ಲಿ ನನ್ನ ಗಮನ ಸೆಳೆದದ್ದು ಲೆಕ್ಕಕ್ಕೆ ಸಂಬಂಧಿಸಿದ ಕಲಮುಗಳು. ರೈತ ಹಣ ಕಟ್ಟಿದರೆ ಸಾಹುಕಾರ ಬರಹದಲ್ಲಿ ರಸೀದಿ ಕೊಡಬೇಕು. ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿ ಕೊಡಬೇಕು. ರೈತ ಬಯಸಿದರೆ ಪಾಸ್‌ಬುಕ್ಕಿನಲ್ಲಿ ಲೆಕ್ಕ ಬರೆದುಕೊಡಬೇಕು. ಕೊಡದಿದ್ದರೆ ದಂಡ. ಪಾಸ್‌ಬುಕ್ ಎಂದರೆ ಎರಡೂ ಕಡೆಯವರ ನಡುವೆ ಓಡಾಡುವ ಪುಸ್ತಕ. ಬರೆಯುವವನು ಅವನೇ, ಆದರೆ ಪುಸ್ತಕ ಇರುವುದು ಹಣ ಕಟ್ಟಿದವನ ಮನೆಯಲ್ಲಿ. ಇಂದು ಇಷ್ಟು ಮಾಮೂಲಾಗಿ ಕಾಣುವ ಆ ಪುಸ್ತಕವನ್ನು ಒಂದು ಕಾಲದಲ್ಲಿ ಕಾನೂನಿನಿಂದ ಪಡೆಯಬೇಕಾಗಿತ್ತು.

ಎರಡಾಣೆಯ ಉಳಿತಾಯ

ಮುಂದೆ 1882ರಲ್ಲಿ ಅಂಚೆ ಕಚೇರಿ ಉಳಿತಾಯ ಬ್ಯಾಂಕ್ ಬಂತು. ನಮ್ಮ ಕನ್ನಡ ನಾಡಿನ ಪಾಲು ಶುರುವಾಗುವುದು 20ನೇ ಶತಮಾನದ ಆರಂಭದಲ್ಲಿ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಹುಟ್ಟಿತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಈಗಿನ ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದರು. 1894ರಲ್ಲಿ ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದವರೂ ಇವರೇ. ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಮುಂದಿನ ಕಾರ್ಪೊರೇಷನ್ ಬ್ಯಾಂಕ್ ಶುರುವಾಯಿತು. ಕೆನರಾ ಕಡೆಯಿಂದ ಮುಂಬಯಿಗೆ ಬಂದ ಚಿತ್ರಾಪುರ ಸಾರಸ್ವತರು ಶಾಮರಾವ್ ವಿಠಲ್ ಸಹಕಾರಿ ಸಂಸ್ಥೆ ಕಟ್ಟಿದ್ದೂ ಅದೇ ವರ್ಷ.

ಇವೆಲ್ಲಕ್ಕಿಂತ ನಮ್ಮ ಅಜ್ಜಿಯಂದಿರಿಗೆ ಹತ್ತಿರವಾದದ್ದು ಪಿಗ್ಮಿ. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವರು ಕಟ್ಟಿದ ಬ್ಯಾಂಕು, ಅಂದರೆ ಮುಂದಿನ ಸಿಂಡಿಕೇಟ್ ಬ್ಯಾಂಕು, 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತದ ಹೆಣ್ಣುಮಗಳಿಗೂ ತನ್ನ ಹೆಸರಿನಲ್ಲಿ ಒಂದು ಲೆಕ್ಕ ಇಟ್ಟುಕೊಳ್ಳಲು ಇದರಿಂದ ದಾರಿಯಾಯಿತು.

ಲೆಡ್ಜರ್ ಹೋಗಿ ಸರ್ವರ್ ಬಂತು

ಕೈಬರಹದ ಕಾಲದಲ್ಲಿ ಒಂದು ಶುಲ್ಕ ಹಾಕಬೇಕಾದರೆ ಗುಮಾಸ್ತರು ಆ ಖಾತೆಯ ಪುಟ ತೆರೆದು ಒಂದು ಸಾಲು ಬರೆಯಬೇಕಿತ್ತು. ಸಾವಿರಾರು ಖಾತೆಗಳಿಗೆ ಚಿಲ್ಲರೆ ಶುಲ್ಕ ಹಾಕುವುದು ದೊಡ್ಡ ಕೆಲಸ. 1984ರ ರಂಗರಾಜನ್ ಸಮಿತಿಯ ವರದಿಯ ನಂತರ ಶಾಖೆಗಳಿಗೆ ಯಂತ್ರಗಳು ಬಂದವು. 2000ದ ನಂತರ ಕೋರ್ ಬ್ಯಾಂಕಿಂಗ್ ಬಂದು ಶಾಖೆಗಳ ಲೆಕ್ಕಗಳೆಲ್ಲ ಒಂದೇ ಕಡೆ ಸೇರಿದವು. ಈಗ ತ್ರೈಮಾಸಿಕದ ಕೊನೆಯ ರಾತ್ರಿ ಒಂದು ಪ್ರೋಗ್ರಾಂ ಓಡಿಸಿದರೆ ಸಾಕು, ಲಕ್ಷಾಂತರ ಖಾತೆಗಳಲ್ಲಿ ಒಂದೇ ಬಾರಿಗೆ ಸಾಲು ಬೀಳುತ್ತದೆ. ಅಂಥ ಪ್ರೋಗ್ರಾಂಗಳನ್ನು ಬರೆಯುವುದೇ ನನ್ನಂಥವರ ಉದ್ಯೋಗವಾದ್ದರಿಂದ, ಅದು ಎಷ್ಟು ಸುಲಭವೆಂದು ಖಚಿತವಾಗಿ ಹೇಳಬಲ್ಲೆ.

ಇದೇ ಹೊತ್ತಿಗೆ ನಿಯಮವೂ ಬದಲಾಯಿತು. 1999ರ ಸೆಪ್ಟೆಂಬರಿನಿಂದ ಸೇವಾಶುಲ್ಕ ಎಷ್ಟೆಂದು ನಿರ್ಧರಿಸುವ ಸ್ವಾತಂತ್ರ್ಯವನ್ನು ರಿಸರ್ವ್ ಬ್ಯಾಂಕ್ ಆಯಾ ಬ್ಯಾಂಕುಗಳಿಗೇ ಬಿಟ್ಟುಕೊಟ್ಟಿತು. ದೂರುಗಳು ಹೆಚ್ಚಿದ ಮೇಲೆ 2006ರಲ್ಲಿ ಶುಲ್ಕಗಳು ನ್ಯಾಯವಾಗಿವೆಯೇ ಎಂದು ನೋಡಲು ಒಂದು ಕಾರ್ಯತಂಡ ರಚಿಸಿತು. ಉಳಿತಾಯ ಖಾತೆಯ ಗ್ರಾಹಕರಿಗೆ ಪಾಸ್‌ಬುಕ್ ಕೊಡಲೇಬೇಕು, ಅದಕ್ಕೆ ದುಡ್ಡು ಕೇಳಬಾರದು ಎಂದು ಅದೇ ವರ್ಷ ಸೂಚಿಸಿತು. 2014ರ ಮೇ ತಿಂಗಳಲ್ಲಿ, ನಿಷ್ಕ್ರಿಯವಾದ ಖಾತೆಗೆ ಕನಿಷ್ಠ ಬಾಕಿ ಇಲ್ಲವೆಂದು ದಂಡ ಹಾಕುವಂತಿಲ್ಲ ಎಂದಿತು. ಅದೇ ನವೆಂಬರಿನಲ್ಲಿ ಇನ್ನಷ್ಟು ಬಿಗಿ ಮಾಡಿತು: ದಂಡಕ್ಕೆ ಮೊದಲು ಗ್ರಾಹಕರಿಗೆ ತಿಳಿಸಬೇಕು, ಕನಿಷ್ಠ ಒಂದು ತಿಂಗಳ ಅವಕಾಶ ಕೊಡಬೇಕು, ದಂಡ ಕೊರತೆಯ ಮೊತ್ತಕ್ಕೆ ತಕ್ಕಂತಿರಬೇಕು, ದಂಡದಿಂದಾಗಿಯೇ ಖಾತೆ ಮೈನಸ್‌ಗೆ ಹೋಗಬಾರದು. ಇವು 2015ರ ಏಪ್ರಿಲ್ 1ರಿಂದ ಜಾರಿಯಾದವು.

ಇನ್ನೊಂದು ಸುತ್ತೋಲೆ 2017ರ ಜೂನ್ 22ರದು. ಪಾಸ್‌ಬುಕ್ ಮತ್ತು ಸ್ಟೇಟ್‌ಮೆಂಟ್‌ಗಳಲ್ಲಿ ಅರ್ಥವಾಗದ ನಮೂದುಗಳು ಬೇಡ, ಶುಲ್ಕ ಹಿಡಿದರೆ ಅದು ಫೀಸೋ, ಕಮಿಷನ್ನೋ, ದಂಡವೋ, ಯಾವ ಕಾರಣಕ್ಕೆ ಎಂದು ಚುಟುಕಾಗಿ ಬರೆಯಬೇಕು ಎಂದು ಅದು ಹೇಳುತ್ತದೆ. ನನ್ನ ಮಟ್ಟಿಗೆ ಇದು 1879ರ ಕಾಯ್ದೆಯ ಮೊಮ್ಮಗಳು. ಪುಸ್ತಕ ಕೊಟ್ಟರೆ ಸಾಲದು, ಅದರಲ್ಲಿ ಬರೆದದ್ದು ಅರ್ಥವೂ ಆಗಬೇಕು.

ಅಮ್ಮನ ಪಾಸ್‌ಬುಕ್

ಇವೆಲ್ಲ ನಾನು ಓದಿದ್ದು ಹವ್ಯಾಸಕ್ಕಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಪುಣೆಗೆ ಬಂದು ನಮ್ಮ ಜೊತೆ ನಿಂತರು. ಶಿವಮೊಗ್ಗ ಜಿಲ್ಲೆಯ ನಮ್ಮೂರಿನ ಒಂದು ಬ್ಯಾಂಕಿನಲ್ಲಿ ಅವರ ಹಳೆಯ ಖಾತೆ ಹಾಗೇ ಉಳಿಯಿತು. 2017ರ ಮಾರ್ಚ್ ನಂತರ ಅವರು ಅದರಲ್ಲಿ ಹಾಕಿದ್ದೂ ಇಲ್ಲ, ತೆಗೆದದ್ದೂ ಇಲ್ಲ. 2020ರ ಕೊನೆಗೆ ಊರಿಗೆ ಹೋದ ನನ್ನ ತಮ್ಮ ಪಾಸ್‌ಬುಕ್ ಎಂಟ್ರಿ ಮಾಡಿಸಿ ತಂದ. ಮೂರು ತಿಂಗಳಿಗೊಮ್ಮೆ 177 ರೂಪಾಯಿ ಹೋಗಿತ್ತು. 150 ದಂಡ, ಅದರ ಮೇಲೆ ಶೇ. 18 ಜಿಎಸ್‌ಟಿ 27.

ಅಮ್ಮ ಕೇಳಿದ್ದು ಒಂದೇ ಮಾತು: "ನಾನು ಮುಟ್ಟೇ ಇಲ್ವಲ್ಲೇ, ಯಾರು ತೆಗೆದ್ರು?" ಮೊತ್ತ ದೊಡ್ಡದಲ್ಲ. ಆದರೆ ಆ ದುಡ್ಡು ಅವರು ಹಸುವಿನ ಹಾಲು ಡೈರಿಗೆ ಹಾಕಿ ಉಳಿಸಿದ್ದು. ಅಪ್ಪನ ಹೆಸರಿಲ್ಲದೆ ಅವರೊಬ್ಬರ ಹೆಸರಿನಲ್ಲೇ ಇದ್ದ ಖಾತೆ ಅದೊಂದೇ.

ಗ್ರಾಹಕರು ತಾವಾಗಿ ಎರಡು ವರ್ಷ ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಹಾಗಾಗಿ 2019ರ ಮಾರ್ಚ್ ನಂತರದ ದಂಡಗಳು ನಿಯಮಕ್ಕೆ ವಿರುದ್ಧ. ಅಂಥವು ಆರು ಸಾಲು, ಒಟ್ಟು 1,062 ರೂಪಾಯಿ. ದಿನಾಂಕಗಳನ್ನು ಪಟ್ಟಿ ಮಾಡಿ, ಪಾಸ್‌ಬುಕ್ಕಿನ ಪುಟಗಳ ಪ್ರತಿ ಲಗತ್ತಿಸಿ, ನಿಯಮವನ್ನು ಹೆಸರಿಸಿ ಅಮ್ಮನ ಸಹಿಯೊಂದಿಗೆ ಪತ್ರ ಕಳಿಸಿದೆವು. ಮೊದಲು "ಸಿಸ್ಟಂ ಹಾಕಿದ್ದು, ನಾವೇನೂ ಮಾಡಲಾಗದು" ಎಂದರು. ಎರಡನೆಯ ಪತ್ರದಲ್ಲಿ ಓಂಬುಡ್ಸ್‌ಮನ್‌ಗೆ ದೂರು ಕೊಡುವುದಾಗಿ ಬರೆದ ಮೇಲೆ ಹಣ ಮರಳಿ ಬಂತು. ನಮ್ಮ ಕೈಯಲ್ಲಿ ಪಾಸ್‌ಬುಕ್ ಇಲ್ಲದೆ ಹೋಗಿದ್ದರೆ ಯಾವ ದಿನಾಂಕವನ್ನು ಬರೆಯುತ್ತಿದ್ದೆವು?

ಕಾನೂನಿನ ತಕ್ಕಡಿಯಲ್ಲಿ ಬ್ಯಾಂಕಿನ ಪುಸ್ತಕಕ್ಕೆ ಹೆಚ್ಚು ತೂಕವಿದೆ ಎಂಬುದನ್ನೂ ಮರೆಯಬಾರದು. 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯ ಪ್ರಕಾರ ಬ್ಯಾಂಕಿನ ಲೆಕ್ಕದ ದೃಢೀಕೃತ ನಕಲು ನ್ಯಾಯಾಲಯದಲ್ಲಿ ಸಾಕ್ಷ್ಯ. ಈಗ ಕಂಪ್ಯೂಟರ್ ಪ್ರಿಂಟ್‌ಔಟಿಗೂ ಇದು ಅನ್ವಯಿಸುತ್ತದೆ. ಅಂದಮೇಲೆ ನಮ್ಮ ಪ್ರತಿ ನಮ್ಮ ಬಳಿ ಇರಲೇಬೇಕು.

ಸಂಘದ ಹೆಣ್ಣುಮಕ್ಕಳು ಮಾಡಿ ತೋರಿಸಿದ್ದು

ಇದನ್ನು ನಮಗಿಂತ ಚೆನ್ನಾಗಿ ಮಾಡಿ ತೋರಿಸಿದವರು ಕರ್ನಾಟಕದ ಹಳ್ಳಿಯ ಸ್ವಸಹಾಯ ಸಂಘಗಳ ಮಹಿಳೆಯರು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕಟ್ಟಿದ ಗುಂಪುಗಳು, 1992ರಲ್ಲಿ ನಬಾರ್ಡ್ ಪ್ರಾಯೋಗಿಕವಾಗಿ ಆರಂಭಿಸಿದ ಬ್ಯಾಂಕ್ ಜೋಡಣೆ, 2000-01ರ ಸ್ತ್ರೀಶಕ್ತಿ ಯೋಜನೆ, ಎಲ್ಲದರ ಬೆನ್ನೆಲುಬು ಪುಸ್ತಕಗಳೇ. ಸಭೆಯ ನಡವಳಿ ಪುಸ್ತಕ, ಉಳಿತಾಯದ ಪುಸ್ತಕ, ಸದಸ್ಯೆಯರ ಪಾಸ್‌ಬುಕ್. ಸಭೆಯಲ್ಲಿ ಲೆಕ್ಕವನ್ನು ಎಲ್ಲರೆದುರು ಓದಿ ಹೇಳುತ್ತಾರೆ. ಓದಲು ಬಾರದವಳೂ ಕೇಳಿ ತಾಳೆ ನೋಡುತ್ತಾಳೆ.

ನಗರದಲ್ಲಿರುವ ನಮಗೆ ಇಷ್ಟೆಲ್ಲ ಬೇಕಿಲ್ಲ. ಯುಪಿಐ ಬಂದ ಮೇಲೆ ದಿನಕ್ಕೆ ಹತ್ತು ಪಾವತಿ ಆಗುತ್ತವೆ, ನಿಜ. ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಇಳಿಸಿಕೊಂಡು, ನಾವು ಮಾಡದ ವ್ಯವಹಾರಗಳನ್ನಷ್ಟೇ ಒಂದು ನೋಟ್‌ಬುಕ್ಕಿನಲ್ಲಿ ಬರೆದರೂ ಸಾಕು: ದಿನಾಂಕ, ಮೊತ್ತ, ಬ್ಯಾಂಕು ಕೊಟ್ಟ ಕಾರಣ. ಕಾರಣ ಅರ್ಥವಾಗದಿದ್ದರೆ ಬರಹದಲ್ಲಿ ಕೇಳಿ, ದೂರಿನ ಸಂಖ್ಯೆ ಗುರುತು ಹಾಕಿಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಅವರ ಪಾಸ್‌ಬುಕ್ಕನ್ನೂ ವರ್ಷಕ್ಕೆ ಎರಡು ಬಾರಿಯಾದರೂ ಎಂಟ್ರಿ ಮಾಡಿಸಿ, ಅವರ ಪಕ್ಕ ಕುಳಿತು ಓದಿ ಹೇಳಿ. ಮನೆಯ ಹಣದ ವ್ಯವಹಾರವನ್ನೆಲ್ಲ ಗಂಡನ ಮೊಬೈಲಿಗೆ ಬಿಟ್ಟಿರುವ ಗೆಳತಿಯರು ತಮ್ಮ ಹೆಸರಿನ ಖಾತೆಯೊಂದನ್ನಾದರೂ ತಾವೇ ನೋಡಿಕೊಳ್ಳಲಿ ಎಂಬುದು ನನ್ನ ಆಸೆ.

ಸುಪೆಯ ರೈತರಿಗೆ ತಮ್ಮ ಲೆಕ್ಕ ಓದಲು ಸಿಗಲಿಲ್ಲ, ಅದಕ್ಕೇ ಸುಟ್ಟರು. ನಮಗೆ ಸಿಗುತ್ತದೆ. ಓದೋಣ.